ಕಾಡಂಚಿನ ಮನಿಗೆ ಬೆಂಕಿ ಹತ್ತದಂಗ ಅಂಗಳ ಹ್ಯಾಂಗ ಇಡಬೇಕು?

ಪ್ರಶ್ನೆ: ಚಿಂಚೋಳಿ ತಾಲ್ಲೂಕು, ಕುಂಚಾವರಂ ಕಾಡಿನ ಅಂಚಿಗೆ ತಗಡಿನ ಮನಿ. ಹಿಂದ ಲಂಟಾನ, ಬೇವು; ಪಕ್ಕಕ್ಕ ಕಣಕಿ ಬಣವಿ. ಬ್ಯಾಸಗಿಗಿಂತ ಮುಂಚೆ ಏನು ಮಾಡಬೇಕ್ರಿ?

ಉತ್ತರ 1: ಮೊದಲು ಬಣವಿ ಸರಸ್ರಿ, ಮನಿಯಿಂದ 30 ಮೀಟರ್ ದೂರ, ಹರಗಿದ ಹೊಲದಾಗ. ಗೋಡಿ ಸುತ್ತ ಒಂದೂವರೆ ಮೀಟರ್ ಬರೀ ಮರಂ (ಗರಸು ಮಣ್ಣು) ಇಲ್ಲಾ ಶಹಾಬಾದ್ ಫರಸಿ ಹಾಸ್ರಿ. ತೊಗರಿ ಕಟಗಿ, ಕುಳ್ಳು ಅಲ್ಲಿ ಬ್ಯಾಡ. ಮನಿ ಹೆಚ್ಚಾಗಿ ಹತ್ತೋದು ಗಾಳಿಗೆ ಹಾರಿ ಬರೋ ಕಿಡಿಯಿಂದ. ತಗಡು-ಗೋಡಿ ಸಂದಿನಾಗ ಒಣ ಎಲಿ ಕೂತಿದ್ರ ಒಂದು ಕಿಡಿ ಸಾಕು. ಎಲಿ ತಗದು, 3 ಮಿಲಿಮೀಟರ್ ಕಣ್ಣಿನ ಉಕ್ಕಿನ ಜಾಳಗಿ ಬಡೀರಿ. ಪ್ಲಾಸ್ಟಿಕ್ ಸೊಳ್ಳೆ ಪರದಿ ಕರಗ್ತದ.

ಉತ್ತರ 2: ಬೇವು ಕಡೀಬ್ಯಾಡ್ರಿ, ನೆಲದಿಂದ 2 ಮೀಟರ್ ತನಕ ಟೊಂಗಿ ಸವರಿದ್ರ ಸಾಕು. ಲಂಟಾನ ಮಾತ್ರ ಬೇರುಸಹಿತ ಕೀಳ್ರಿ, ನೆಲದ ಉರಿ ಮರ ಏರೋಕ ಅದೇ ನಿಚ್ಚಣಿಕಿ. ಬರೀ ಕೊಯ್ದ್ರ ಮಳಿಗಾಲಕ್ಕ ಮತ್ತ ಚಿಗುರ್ತದ.

ಉತ್ತರ 3: ಇಳಿಜಾರಿದ್ರ ತಗ್ಗಿನ ಕಡೆ ಜಾಸ್ತಿ ದೂರ ಸ್ವಚ್ಛ ಮಾಡ್ರಿ, ಉರಿ ಏರಿನಾಗ ಜೋರು ಓಡ್ತದ. ಹುಲ್ಲು 10 ಸೆಂಟಿಮೀಟರ್ ಮೀರಬಾರದು. ಆದ್ರ ಕೊಯ್ಯೋದು ಬೆಳಿಗ್ಗೆ, ಕುಡಗೋಲಿನಿಂದ: ಯಂತ್ರದ ಬ್ಲೇಡು ಕಲ್ಲಿಗೆ ತಾಗಿದ್ರ ಅಲ್ಲೇ ಕಿಡಿ. ಚಿಂಚೋಳಿ ವನ್ಯಜೀವಿ ಧಾಮದ ಗಡಿಯೊಳಗ ಅರಣ್ಯ ಇಲಾಖೆ ಅನುಮತಿ ಇಲ್ದ ಕೈ ಹಚ್ಚಬ್ಯಾಡ್ರಿ.