ಅಕ್ವೇರಿಯಂಗೆ ಸ್ಲೇಟ್ ಕಲ್ಲು ಹಾಕಿದ ಮೇಲೆ ಕೆಎಚ್ (ನೀರಿನ ಕಾರ್ಬೊನೇಟ್ ಗಡಸುತನ) ಏರುತ್ತಲೇ ಇದೆ, ಸಹಾಯ ಮಾಡಿ

ಸಿಗಡಿಪ್ರಿಯ:
ಸ್ಲೇಟ್ ನೀರಿಗೆ ಏನೂ ಬಿಡುವುದಿಲ್ಲ ಅಂತ ಎಲ್ಲರೂ ಹೇಳಿದ್ದಕ್ಕೇ ತಂದೆ. ಚಪ್ಪಟೆ ಕಪ್ಪು ತುಂಡುಗಳು. ಮೆಟ್ಟಿಲಿನ ಹಾಗೆ ಜೋಡಿಸಿ ಸಿಲಿಕೋನ್ ಹಾಕಿದ್ದೇನೆ. ಈಗ ಕೆಎಚ್ 2 ಇದ್ದದ್ದು 7 ಆಗಿದೆ. ನೀರು ಬದಲಿಸಿದರೆ ಇಳಿಯುತ್ತದೆ, ಮತ್ತೆ ಏರುತ್ತದೆ. ಕ್ರಿಸ್ಟಲ್ ಶ್ರಿಂಪ್ (ಸಣ್ಣ ಸಿಗಡಿಗಳು) ಸಾಯುತ್ತಿವೆ. ತಲೆ ಕೆಟ್ಟು ಹೋಗಿದೆ.

ನೀರ್‌ಗಂಟಿ:
ಬೋರ್ ನೀರಾ? ಹಾಗಿದ್ರೆ ಕಲ್ಲನ್ನು ದೂರಬೇಡಿ.

ಸಿಗಡಿಪ್ರಿಯ:
ಆರ್‌ಒ ಫಿಲ್ಟರಿನ ನೀರು ಸರ್.

ನೀರ್‌ಗಂಟಿ:
ಆ ಫಿಲ್ಟರಿನ ಮೆಂಬ್ರೇನ್ (ಸೋಸುವ ಪೊರೆ) ಹೋಗಿರುತ್ತೆ. ನನ್ನ ಅನುಭವದಲ್ಲಿ ಹತ್ತಕ್ಕೆ ಒಂಬತ್ತು ಸಲ ಅದೇ.

ಸಿಗಡಿಪ್ರಿಯ:
ಆರ್‌ಒ ನೀರಿನ ಟಿಡಿಎಸ್ (ಕರಗಿದ ಲವಣಾಂಶ) 12. ಟ್ಯಾಂಕಿಗೆ ಹೋದ ಮೇಲೇ ಏರುವುದು.

ನೀರ್‌ಗಂಟಿ:
ಮೀಟರ್ ಸರಿಯಾಗಿದೆಯಾ ನೋಡಿ. ಮೆಂಬ್ರೇನ್ ಒಮ್ಮೆ ಬದಲಿಸಿಬಿಡಿ.

ಪದರಶಿಲೆ:
ಮೆಂಬ್ರೇನ್ ಬಿಡಿ ಸರ್. ಜೇಡಿಮಣ್ಣಿನಿಂದಾದ ಶೇಲ್ ಕಲ್ಲು ಒತ್ತಡಕ್ಕೂ ಬಿಸಿಗೂ ಸಿಕ್ಕಿದಾಗ ಸ್ಲೇಟ್ ಆಗುತ್ತದೆ. ಅದರಲ್ಲಿ ಹೆಚ್ಚಾಗಿ ಇರುವುದು ಅಭ್ರಕ, ಕ್ಲೋರೈಟ್, ಕ್ವಾರ್ಟ್ಜ್. ಹರಳುಗಳು ಬರಿಗಣ್ಣಿಗೆ ಕಾಣದಷ್ಟು ಸಣ್ಣವು. ಇವು ಯಾವುವೂ ಕೆಎಚ್ ಏರಿಸುವುದಿಲ್ಲ. ಕಲ್ಲು ಎಲ್ಲಿಂದ ತಂದಿರಿ? ಗಿಡಗಳಿಗೆ ಸಿಒಟು (ಇಂಗಾಲದ ಡೈಆಕ್ಸೈಡ್) ಬಿಡ್ತಾ ಇದ್ದೀರಾ?

ಸಿಗಡಿಪ್ರಿಯ:
ಸಿಒಟು ಇದೆ, ಗಿಡ ಇದೆಯಲ್ಲ. ಕಲ್ಲು ಗ್ರಾನೈಟ್ ಅಂಗಡಿಯದ್ದು. ಅಡುಗೆಮನೆ ಶೆಲ್ಫಿಗೆ ಹಾಕ್ತಾರಲ್ಲ, ಅದರ ತುಂಡುಗಳು. ಅಂಗಡಿಯವರೇ ಕಪ್ಪು ಸ್ಲೇಟ್ ಅಂದರು.

ಪದರಶಿಲೆ:
ಅದು ಕಡಪ ಕಲ್ಲು! ಸುಣ್ಣದ ಕಲ್ಲು, ನಮ್ಮ ಶಹಾಬಾದ್ ಕಲ್ಲಿನ ಜಾತಿ. ಸಿಒಟು ನೀರನ್ನು ಹುಳಿ ಮಾಡುತ್ತದೆ. ಆ ನೀರಿಗೆ ಸುಣ್ಣ ಕರಗುತ್ತಲೇ ಇರುತ್ತದೆ. ಮಿಕ್ಕಿದ ತುಂಡೊಂದನ್ನು ಮೊಳೆಯಿಂದ ಜೋರಾಗಿ ಗೀರಿ. ಆ ಪುಡಿಯ ಮೇಲೆ ವಿನೆಗರ್ ಬಿಡಿ, ನೊರೆ ಬಂದರೆ ಸುಣ್ಣದ ಕಲ್ಲೇ. ನುಣುಪು ಮೈ ಮೇಲೆ ಬಿಟ್ಟರೆ ಸರಿಯಾಗಿ ಗೊತ್ತಾಗುವುದಿಲ್ಲ.

ಕಲ್ಲುಬಂಡೆ:
ಕಡಪ ಕಲ್ಲೂ ಪದರ ಪದರವಾಗಿ ಬಿಡುತ್ತೆ. ಅದೂ ಸ್ಲೇಟೇ ಅಲ್ವಾ? ಸುಮ್ನೆ ಹೆಸರಿಗೆ ಯಾಕೆ ಜಗಳ.

ಪದರಶಿಲೆ:
ಹೆಸರಿನ ಮಾತಲ್ಲ ಸರ್. ಕಡಪ ಕಲ್ಲು ಬಿಡುವುದು ಕೆಸರು ಕೂತ ಪದರದಲ್ಲಿ. ಸ್ಲೇಟ್ ಸೀಳುವುದು ಒತ್ತಡಕ್ಕೆ ಅಡ್ಡವಾಗಿ ಅಭ್ರಕ ಸಾಲುಗಟ್ಟಿದ ಕಡೆ. ಎಷ್ಟೋ ಸಲ ಆ ಸೀಳು ಹಳೆಯ ಪದರವನ್ನೇ ಕತ್ತರಿಸಿಕೊಂಡು ಹೋಗುತ್ತದೆ. ಸ್ಲೇಟಿನ ತೆಳು ಹಲ್ಲೆ ತಟ್ಟಿದರೆ ಟಣ್ ಅನ್ನುತ್ತದೆ, ಶೇಲ್ ತಟ್ಟಿದರೆ ಮಂದವಾಗಿ ಕೇಳಿಸುತ್ತದೆ.

ಕಲ್ಲುಬಂಡೆ:
ಕಡಪ ಕಲ್ಲೂ ಟಣ್ ಅನ್ನುತ್ತೆ, ನಮ್ಮನೆಯಲ್ಲೇ ಇದೆ.

ಪದರಶಿಲೆ:
ಹೌದು, ಅನ್ನುತ್ತದೆ. ಅದಕ್ಕೇ ವಿನೆಗರ್ ಪರೀಕ್ಷೆ ಹೇಳಿದ್ದು.

ನಾಲ್ಕಡಿಟ್ಯಾಂಕ್:
ನನ್ನದು ಪೂರ್ತಿ ಮಾರ್ಕಾಪುರದ ಸ್ಲೇಟ್. ಆಂಧ್ರದ್ದು, ಮೊದಲು ಶಾಲೆ ಮಕ್ಕಳ ಸ್ಲೇಟು ಬರ್ತಿತ್ತಲ್ಲ, ಅದೇ ಊರು. ನಾಲ್ಕಡಿ ಟ್ಯಾಂಕ್, ಎರಡು ಕ್ಯಾನಿಸ್ಟರ್ ಫಿಲ್ಟರ್, ಹಿಂದಿನ ಗೋಡೆಯೂ ಸ್ಲೇಟೇ. ಕೆಎಚ್ ಅಲುಗಾಡಿಲ್ಲ. ಫೋಟೋ ಹಾಕಲಾ?

ಪದರಶಿಲೆ:
ಹಾಕಿ. ಆದರೆ ಸ್ಲೇಟ್ ತರುವಾಗಲೂ ಹಿತ್ತಾಳೆ ಬಣ್ಣದ ಹೊಳೆಯುವ ಚುಕ್ಕೆ ಇದ್ದರೆ ಬೇಡ. ಅದು ಪೈರೈಟ್ (ಕಬ್ಬಿಣ ಇರುವ ಖನಿಜ), ತುಕ್ಕು ಹಿಡಿದು ಕಂದು ಕಲೆ ಬಿಡುತ್ತದೆ. ಬಿಳಿ ಗೆರೆ ಕಂಡರೆ ಅದರ ಮೇಲೂ ವಿನೆಗರ್ ಹಾಕಿ ನೋಡಿ, ಕ್ಯಾಲ್ಸೈಟ್ (ಸುಣ್ಣದ ಹರಳು) ಇರಬಹುದು.

ಸಿಗಡಿಪ್ರಿಯ:
ಗೀರಿ ನೋಡಿದೆ. ಪುಡಿ ಬೆಳ್ಳಗೆ ಬಂತು. ವಿನೆಗರ್ ಬಿದ್ದ ತಕ್ಷಣ ಬುರುಬುರು ನೊರೆ. ಇದನ್ನು ಈಗ ಕೀಳುವುದು ಹೇಗೆ? ತಳದ ಗಾಜಿಗೇ ಸಿಲಿಕೋನ್ ಹಾಕಿದ್ದೇನೆ.

ನೀರ್‌ಗಂಟಿ:
ಮೊದಲು ಶ್ರಿಂಪ್ ಎಲ್ಲ ಬಕೆಟ್ಟಿಗೆ, ಸ್ಪಾಂಜ್ ಫಿಲ್ಟರ್ ಹಾಕಿ. ನೀರು ಖಾಲಿ ಮಾಡಿ, ಮೀನು ಹಿಡಿಯುವ ದಾರ ಕಲ್ಲಿನ ಅಡಿಗೆ ತೂರಿಸಿ ಗರಗಸದ ಹಾಗೆ ಎಳೆಯಿರಿ. ಮೀಟಬೇಡಿ, ಗಾಜು ಬಿರಿಯುತ್ತೆ. ಮೆಂಬ್ರೇನ್ ಕೂಡ ಒಮ್ಮೆ ನೋಡಿ.