ಪುಟ್ಟ ಜೆಲ್ಲಿಗಳು ಮುದುಡಿ ತಳಕ್ಕೆ ಬಿದ್ದಿವೆ, ಏನು ಮಾಡಲಿ?

ಪ್ರಶ್ನೆ:
ನನ್ನ ಉಪ್ಪುನೀರಿನ ಟ್ಯಾಂಕಿನ ಪಾಚಿಯಲ್ಲಿ ಮೂರ್ನಾಲ್ಕು ಮಿಲಿಮೀಟರಿನ ಜೆಲ್ಲಿಮೀನಿನಂಥವು ಕಾಣಿಸಿಕೊಂಡವು. ಈಜುವುದು ಕಡಿಮೆ. ಕವಲೊಡೆದ ಕೈಗಳಿಂದ ಪಾಚಿಗೆ ಅಂಟಿ ಕೂರುತ್ತವೆ, ಕೈಯ ಬುಡದಲ್ಲಿ ಕೆಂಪು ಚುಕ್ಕೆ. ಆಸೆಯಾಗಿ ಹತ್ತನ್ನು ಪಾಚಿ, ಸಣ್ಣ ಕಲ್ಲಿನ ಸಮೇತ 5 ಲೀಟರಿನ ಜಾಡಿಗೆ ಹಾಕಿದೆ. ದಿನಾ ಆರ್ಟೀಮಿಯಾ (ಸಿಗಡಿಯಂಥ ಪುಟ್ಟ ಉಪ್ಪುನೀರಿನ ಜೀವಿ) ಮರಿ ಕೊಡುತ್ತೇನೆ, ಗಾಳಿಗುಳ್ಳೆ ಬಿಡುವ ಏರ್‌ಸ್ಟೋನ್ ಇದೆ. ಮೂರು ವಾರದಿಂದ ನೀರು ಇಳಿದಷ್ಟೂ ಉಪ್ಪುನೀರು ತುಂಬಿಸುತ್ತಿದ್ದೇನೆ. ಈಗ ಎಲ್ಲಾ ಮುದುಡಿ ಬಿದ್ದಿವೆ.

ಉತ್ತರ:
ನೀವು ಹೇಳಿದ್ದು ನೋಡಿದರೆ ಕ್ಲಾಡೊನೆಮಾ ಎಂಬ ಪುಟ್ಟ ಜೆಲ್ಲಿ ಅನಿಸುತ್ತದೆ. ತಪ್ಪು ಎಲ್ಲಿ ಅಂತ ನೀವೇ ಬರೆದಿದ್ದೀರಿ. ಆವಿಯಾಗುವುದು ನೀರು ಮಾತ್ರ, ಉಪ್ಪು ಜಾಡಿಯಲ್ಲೇ ಉಳಿಯುತ್ತದೆ ಅಲ್ವಾ? ರಿಫ್ರಾಕ್ಟೋಮೀಟರಿನಲ್ಲಿ (ನೀರಿನ ಉಪ್ಪಿನಂಶ ಅಳೆಯುವ ಉಪಕರಣ) ನೋಡಿ ಹೇಳಿ.

ಪ್ರಶ್ನೆ ಕೇಳಿದವರು:
ಅಯ್ಯೋ, ನೀರಿನ ಸಾಂದ್ರತೆ 1.031!

ಉತ್ತರ:
ಗಾಬರಿಯಿಂದ ಒಂದೇ ಸಲ ಇಳಿಸಬೇಡಿ, ಅದೂ ಏಟೇ. ದಿನಕ್ಕೆ ಕಾಲು ಲೀಟರ್ ತೆಗೆದು ಅಷ್ಟೇ ಆರ್‌ಒ ನೀರನ್ನು ನಿಧಾನವಾಗಿ ಬಿಡಿ. ನಾಲ್ಕು ದಿನಕ್ಕೆ 1.025ರ ಹತ್ತಿರ ಬರುತ್ತದೆ. ಆಮೇಲೆ ಜಾಡಿಯ ಮೇಲೆ ಮಾರ್ಕರಿನಲ್ಲಿ ಗೆರೆ ಎಳೆದು, ನೀರು ಇಳಿದಷ್ಟು ಸಿಹಿನೀರು ಮಾತ್ರ ಹಾಕಿ. ಮುಚ್ಚಳ ಅರ್ಧ ಮುಚ್ಚಿ.

ಏರ್‌ಸ್ಟೋನ್ ತೆಗೆದುಬಿಡಿ. ಸಣ್ಣ ಗುಳ್ಳೆಗಳು ಜೆಲ್ಲಿಗಳ ಕೊಡೆಯಂಥ ಮೈಯೊಳಗೆ ಸಿಕ್ಕಿಕೊಳ್ಳುತ್ತವೆ. ಬರೀ ಕೊಳವೆಯಿಂದ ನಿಧಾನವಾಗಿ ದೊಡ್ಡ ಗುಳ್ಳೆ ಬಂದರೆ ಸಾಕು. ಆರ್ಟೀಮಿಯಾ ಮರಿಗಳನ್ನು ತೊಳೆದೇ ಹಾಕಿ. ಮೊಟ್ಟೆಯ ಚಿಪ್ಪು ಹಾಕಬೇಡಿ, ಸುಮ್ನೆ ಕೊಳೆಯುತ್ತದೆ. ಉಳಿದಿದ್ದನ್ನು ಪಿಪೆಟ್‌ನಲ್ಲಿ ಎಳೆದು ತೆಗೆಯಿರಿ.

ಇನ್ನೊಂದು ಮಾತು. ಈ ಜೆಲ್ಲಿಗಳು ಎಷ್ಟು ಚೆನ್ನಾಗಿ ನೋಡಿಕೊಂಡರೂ ಜಾಸ್ತಿ ದಿನ ಬದುಕುವುದಿಲ್ಲ. ಇವುಗಳ ಮೂಲ ಅಂದರೆ ಪಾಲಿಪ್, ಅಂಟಿಕೊಂಡು ಬದುಕುವ ಇವುಗಳದೇ ಇನ್ನೊಂದು ರೂಪ. ಕಲ್ಲಿಗೆ, ಗಾಜಿಗೆ ಅಂಟಿದ ದಾರದಂಥ ಬೇರು, ಅದರ ಮೇಲೆ ಪುಟ್ಟ ಕಡ್ಡಿ, ತುದಿಯಲ್ಲಿ ಗುಂಡುತಲೆಯ ನಾಲ್ಕು ಕೈ. ಹೊಸ ಜೆಲ್ಲಿ ಮೊಗ್ಗೊಡೆಯುವುದು ಅದರಿಂದಲೇ. ಕೋಪೆಪಾಡ್ (ನೀರಿನ ಅತಿ ಸಣ್ಣ ಜೀವಿಗಳು) ಸಾಕುವ ಡಬ್ಬಿಗೆ, ಕಡಲಕುದುರೆ ಮರಿಗಳ ಹತ್ತಿರಕ್ಕೆ ಮಾತ್ರ ಇವನ್ನು ಬಿಡಬೇಡಿ. ಕೋಪೆಪಾಡ್‌ಗಳನ್ನು ತಿಂದು ಮುಗಿಸುತ್ತವೆ, ಮರಿಗಳನ್ನು ಕುಟುಕುತ್ತವೆ.

ಪ್ರಶ್ನೆ ಕೇಳಿದವರು (ಐದು ದಿನದ ನಂತರ):
1.025ಕ್ಕೆ ಬಂತು. ಆರು ಜೆಲ್ಲಿ ಕೈ ಬಿಚ್ಚಿವೆ. ಒಂದರ ಹೊಟ್ಟೆ ಈಗ ಆರ್ಟೀಮಿಯಾದ ಕಿತ್ತಳೆ ಬಣ್ಣ! ನೀವು ಹೇಳಿದ ಪಾಲಿಪ್ ಹುಡುಕಿದೆ. ಹೋದ ವಾರ ಕೊಳೆ ಅಂತ ಹಳೇ ಎಟಿಎಂ ಕಾರ್ಡಿನಲ್ಲಿ ಗಾಜಿನಿಂದ ಕೆರೆದಿದ್ದು ಅದನ್ನೇ. ಪುಣ್ಯಕ್ಕೆ ಕಲ್ಲಿನ ಹಿಂದೆ ಒಂದಿಷ್ಟು ಉಳಿದಿವೆ.