ಎಎನ್‌ಪಿ ಹಾಕಿದರೂ ಸೈಕ್ಲಿಕ್ ಜಿಎಂಪಿ ಏರುತ್ತಿಲ್ಲ, ಸಿಎನ್‌ಪಿಗೆ ಏರುತ್ತದೆ. ಯಾಕೆ?

ಪ್ರಶ್ನೆ:
ಇಲಿಯ ಮಹಾಪಧಮನಿಯ ನಯಸ್ನಾಯು ಕೋಶಗಳು, 8ನೇ ಪ್ಯಾಸೇಜ್ (ಎಂಟನೇ ಬಾರಿ ಹೊಸ ಪಾತ್ರೆಗೆ ಹಂಚಿ ಬೆಳೆಸಿದವು). 100 ನ್ಯಾನೊಮೋಲಾರ್ ಎಎನ್‌ಪಿಗೆ (ಹೃದಯ ಸ್ರವಿಸುವ ಪೆಪ್ಟೈಡ್ ಹಾರ್ಮೋನ್) ಸೈಕ್ಲಿಕ್ ಜಿಎಂಪಿ (ಕೋಶದೊಳಗಿನ ಸಂದೇಶವಾಹಕ ಅಣು) ಏರುವುದು ಅಷ್ಟಕ್ಕಷ್ಟೇ. ಅಷ್ಟೇ ಪ್ರಮಾಣದ ಸಿಎನ್‌ಪಿ (ಅದೇ ಕುಟುಂಬದ ಇನ್ನೊಂದು ಹಾರ್ಮೋನ್) ಹಾಕಿದರೆ ಚೆನ್ನಾಗಿ ಏರುತ್ತದೆ. ಅದೇ ಕೋಶಗಳನ್ನು ಒಡೆದು ಮೆಂಬ್ರೇನ್ (ಪೊರೆ) ಮಾತ್ರ ಬೇರ್ಪಡಿಸಿ ನೋಡಿದರೆ ಎರಡಕ್ಕೂ ಸ್ಪಂದನೆಯೇ ಇಲ್ಲ. ರಕ್ತನಾಳದಲ್ಲಿ ಎಎನ್‌ಪಿ ಅಲ್ಲವೇ ಮುಂದಿರಬೇಕಾದದ್ದು?

ಉತ್ತರ 1:
ಹಾರ್ಮೋನನ್ನು ದೂರಬೇಡಿ, ಬದಲಾಗಿರುವುದು ಕೋಶ. ಎಎನ್‌ಪಿ ಮತ್ತು ಅದೇ ಕುಟುಂಬದ ಬಿಎನ್‌ಪಿ ಕೆಲಸ ಮಾಡುವುದು ಎನ್‌ಪಿಆರ್-ಎ ಎಂಬ ರಿಸೆಪ್ಟರ್ (ಹಾರ್ಮೋನ್ ಅಂಟುವ ಪೊರೆಯ ಪ್ರೋಟೀನ್) ಮೂಲಕ, ಸಿಎನ್‌ಪಿ ಎನ್‌ಪಿಆರ್-ಬಿ ಮೂಲಕ. ನಾಳದಲ್ಲಿದ್ದಾಗ ಈ ಕೋಶಗಳಲ್ಲಿ ಎ ಹೆಚ್ಚು; ಕಲ್ಚರ್‌ಗೆ ಬಂದು ವಿಭಜಿಸತೊಡಗಿದರೆ ಬಿ ಮೇಲುಗೈ ಪಡೆಯುತ್ತದೆ. ಆಗಷ್ಟೇ ತೆಗೆದ ಅಪಧಮನಿಯ ತುಂಡಿನಲ್ಲಿ ಅದೇ ಪ್ರಯೋಗ ಮಾಡಿ ಹೋಲಿಸಿ.

ಬೈಂಡಿಂಗ್ ಅಂಕಿ (ಕೋಶಕ್ಕೆ ಎಷ್ಟು ಹಾರ್ಮೋನ್ ಅಂಟಿತು ಎಂಬ ಲೆಕ್ಕ) ನೋಡಿ ಮೋಸಹೋಗಬೇಡಿ. ಎಎನ್‌ಪಿ ಅಂಟುವ ಜಾಗಗಳಲ್ಲಿ ಹೆಚ್ಚಿನವು ಎನ್‌ಪಿಆರ್-ಸಿ ಎಂಬ ಮೂರನೇ ರಿಸೆಪ್ಟರ್ ಆಗಿರಬಹುದು. ಅದರ ಒಳಬಾಲ ಬರೀ 37 ಅಮೈನೊ ಆಮ್ಲಗಳದ್ದು, ಸೈಕ್ಲಿಕ್ ಜಿಎಂಪಿ ತಯಾರಿಸುವ ಸೈಕ್ಲೇಸ್ ಭಾಗವೇ ಇಲ್ಲ. ಹಾರ್ಮೋನನ್ನು ಒಳಗೆಳೆದು ಖಾಲಿ ಮಾಡುವುದೇ ಅದರ ಮುಖ್ಯ ಕೆಲಸ.

ಉತ್ತರ 2:
ಮೆಂಬ್ರೇನ್ ವಿಷಯ ಬೇರೆ. ಈ ರಿಸೆಪ್ಟರ್‌ಗಳು ಮೊದಲೇ ಜೋಡಿಯಾಗಿರುತ್ತವೆ. ಎನ್‌ಪಿಆರ್-ಎಯಲ್ಲಿ ಒಂದೇ ಎಎನ್‌ಪಿ ಅಣು ಎರಡರ ನಡುವೆ ಕೂತು, ಪೊರೆಗೆ ತಾಗಿದ ಭಾಗವನ್ನು ತುಸು ತಿರುಗಿಸುತ್ತದೆ. ಆ ತಿರುವು ಒಳಗಿನ ಸೈಕ್ಲೇಸ್‌ವರೆಗೆ ಮುಟ್ಟಬೇಕಾದರೆ ನಡುವಿನ ಕೈನೇಸ್‌ನಂಥ ಭಾಗದ ಸೆರೀನ್, ಥ್ರಿಯೊನೀನ್‌ಗಳ ಮೇಲೆ ಫಾಸ್ಫೇಟ್ ಇರಲೇಬೇಕು. ಕೋಶ ಒಡೆದ ಕೂಡಲೇ ಫಾಸ್ಫಟೇಸ್‌ಗಳು ಅದನ್ನು ಕಿತ್ತುಹಾಕುತ್ತವೆ. ಅವನ್ನು ತಡೆಯಲು ಕೋಶ ಒಡೆಯುವ ಬಫರ್‌ನಲ್ಲೇ 50 ಮಿಲಿಮೋಲಾರ್ ಸೋಡಿಯಂ ಫ್ಲೋರೈಡ್, 0.5 ಮೈಕ್ರೊಮೋಲಾರ್ ಮೈಕ್ರೊಸಿಸ್ಟಿನ್ ಇರಲಿ; ಎಲ್ಲವೂ ಮಂಜುಗಡ್ಡೆಯ ಮೇಲೆ, ಅಂದೇ ಮುಗಿಸಿ. ಅಸ್ಸೇಯಲ್ಲಿ (ಅಳೆಯುವ ಪ್ರಯೋಗದಲ್ಲಿ) 1 ಮಿಲಿಮೋಲಾರ್ ಎಟಿಪಿ ಸೇರಿಸಿ.

ಜೊತೆಗೆ ಒಂದು ಟ್ಯೂಬ್‌ಗೆ ಹಾರ್ಮೋನ್ ಬದಲು ಮ್ಯಾಂಗನೀಸ್ ಮತ್ತು ಟ್ರೈಟಾನ್ (ಒಂದು ಡಿಟರ್ಜೆಂಟ್) ಹಾಕಿ; ಇವು ಹಾರ್ಮೋನ್ ಇಲ್ಲದೆಯೂ ಸೈಕ್ಲೇಸನ್ನು ಓಡಿಸುತ್ತವೆ. ಅಲ್ಲಿ ಸೈಕ್ಲಿಕ್ ಜಿಎಂಪಿ ಬಂದು ಹಾರ್ಮೋನಿಗೆ ಬಾರದಿದ್ದರೆ, ಕಿಣ್ವ ಇದೆ, ಫಾಸ್ಫೇಟ್ ಹೋಗಿದೆ ಎಂದೇ ಮೊದಲು ಅನುಮಾನಿಸಿ. ದೇಹವೂ ಇದನ್ನೇ ಸ್ವಿಚ್ಚಿನಂತೆ ಬಳಸುತ್ತದೆ: ಅಂಡಾಶಯದಲ್ಲಿ ಅಂಡಕೋಶವನ್ನು ಸುತ್ತಿರುವ ಗ್ರಾನ್ಯುಲೋಸಾ ಕೋಶಗಳಲ್ಲಿ ಎಲ್‌ಎಚ್ (ಅಂಡೋತ್ಸರ್ಗ ಪ್ರಚೋದಿಸುವ ಹಾರ್ಮೋನ್) ಬಂದಾಗ ಎನ್‌ಪಿಆರ್-ಬಿ ಫಾಸ್ಫೇಟ್ ಕಳೆದುಕೊಳ್ಳುತ್ತದೆ, ಸೈಕ್ಲಿಕ್ ಜಿಎಂಪಿ ಇಳಿಯುತ್ತದೆ, ನಿಂತಿದ್ದ ಅಂಡಕೋಶದ ಮಿಯೋಸಿಸ್ ಮುಂದುವರಿಯುತ್ತದೆ. ನಿಜಕ್ಕೂ ಸೊಗಸಾದ ವ್ಯವಸ್ಥೆ.

ಉತ್ತರ 3:
ಇಡೀ ಕೋಶಗಳ ಪ್ರಯೋಗಕ್ಕೆ ಎರಡು ಮಾತು. 0.5 ಮಿಲಿಮೋಲಾರ್ ಐಬಿಎಂಎಕ್ಸ್ (ಸೈಕ್ಲಿಕ್ ಜಿಎಂಪಿಯನ್ನು ಒಡೆಯುವ ಪಿಡಿಇ ಕಿಣ್ವಗಳನ್ನು ತಡೆಯುವ ರಾಸಾಯನಿಕ) ಅನ್ನು 10 ನಿಮಿಷ ಮೊದಲೇ ಹಾಕಿ, ಆದರೆ ಅದು ಪಿಡಿಇ9 ಅನ್ನು ತಡೆಯುವುದಿಲ್ಲ ಎಂಬುದು ನೆನಪಿರಲಿ. ಪೆಪ್ಟೈಡ್ ಪ್ಲಾಸ್ಟಿಕ್ಕಿಗೆ ಅಂಟುತ್ತದೆ, ತೆಳು ದ್ರಾವಣದಲ್ಲಿ ಶೇ. 0.1 ಬಿಎಸ್‌ಎ (ಹಸುವಿನ ರಕ್ತದ ಆಲ್ಬುಮಿನ್ ಪ್ರೋಟೀನ್) ಇರಲಿ. ಡಿಟಿಟಿ (ಡೈಸಲ್ಫೈಡ್ ಕೊಂಡಿ ಬಿಚ್ಚುವ ರಾಸಾಯನಿಕ) ಮಾತ್ರ ಬೇಡವೇ ಬೇಡ: 17 ಅಮೈನೊ ಆಮ್ಲಗಳ ಉಂಗುರವನ್ನು ಹಿಡಿದಿರುವ ಡೈಸಲ್ಫೈಡ್ ಬಿಚ್ಚಿದರೆ ಹಾರ್ಮೋನ್ ಕೆಲಸಕ್ಕೆ ಬಾರದು.